ಬಿದ್ದವರಿಗೆ ಬಾಯಾರಿಕೆ ಕೊಡಬೇಡಿ

ನಾನು ಪಾಠ ಮಾಡಲಿಕ್ಕೆ ಹೋದ ಕಡೆಯಲ್ಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಆಗದ ದಿನ ಮನೆಗೆ ಬಂದು ಸುಮ್ಮನೆ ಊಟಕ್ಕೆ ಕೂತರೆ ನಮ್ಮ ಯಜಮಾನರೇ ಕೇಳುತ್ತಾರೆ, "ಎಂಥ, ಇವತ್ತು ಕ್ಲಾಸು ಇರಲಿಲ್ಲವಾ?"

ನಾನು ನರ್ಸು. ಅರ್ಧ ಆಯುಷ್ಯ ಆಸ್ಪತ್ರೆಯ ಕ್ಯಾಜುವಲ್ಟಿಯಲ್ಲಿ ಕಳೆದವಳು. ಬೈಕಿನಿಂದ ಬಿದ್ದವರು, ಮರದಿಂದ ಬಿದ್ದವರು, ಹಾವು ಕಚ್ಚಿದವರು, ಎಲ್ಲರೂ ಮೊದಲು ಬಂದು ತಲುಪುವುದು ಅಲ್ಲಿಗೆ. ಅಲ್ಲಿ ದುಡಿದೂ ದುಡಿದೂ ನನ್ನ ದನಿ ದೊಡ್ಡದಾಗಿದೆ, ತಾಳ್ಮೆ ಸಣ್ಣದಾಗಿದೆ. ಎರಡನ್ನೂ ಸರಿ ಮಾಡುವ ಆಸೆ ನನಗೆ ಇಲ್ಲ.

ನಮ್ಮ ಕಡೆಯ ಜನ ತುಂಬ ಒಳ್ಳೆಯವರು. ತೊಂದರೆ ಇರುವುದೇ ಅಲ್ಲಿ. ಮನೆಗೆ ಯಾರು ಬಂದರೂ "ಬಾಯಾರಿಕೆಗೆ ಎಂಥ ಕೊಡಲಿ?" ಅಂತ ಕೇಳಿ ನೀರು ಬೆಲ್ಲ ತಂದಿಡುವ ಊರು ಇದು. ಕುಡಿಯಲಿಕ್ಕೆ ಕೊಡುವುದಕ್ಕೇ ಇಲ್ಲಿ ಬಾಯಾರಿಕೆ ಕೊಡುವುದು ಅನ್ನುತ್ತಾರೆ. ರಸ್ತೆಯಲ್ಲಿ ಬಿದ್ದವನೂ ಅವರ ಲೆಕ್ಕದಲ್ಲಿ ನೆಂಟನೇ. ಅಂಗಡಿಯಿಂದ ಒಬ್ಬರು ನೀರು ತರುತ್ತಾರೆ, ಮತ್ತೊಬ್ಬರು ಸೋಡಾ ಒಡೆಯುತ್ತಾರೆ. ಬಾಯಿಗೆ ಬಿಟ್ಟಾದ ಮೇಲೆ ಕೈಗೆ ಇಬ್ಬರು, ಕಾಲಿಗೆ ಇಬ್ಬರು ಹಿಡಿದು, ಮಡಚಿ, ರಿಕ್ಷಾದೊಳಗೆ ತುರುಕಿ, ಹಾರ್ನ್ ಹೊಡೆಯುತ್ತಾ ನಮ್ಮಲ್ಲಿಗೆ ತರುತ್ತಾರೆ. ದೊಡ್ಡ ಪೆಟ್ಟಾದವನು ಆ ನೀರನ್ನು ವಾಂತಿ ಮಾಡಿ ಅದು ಶ್ವಾಸಕ್ಕೆ ಹೋದರೆ ಕಥೆ ಮುಗಿಯಿತು. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಬೆನ್ನುಮೂಳೆಗೆ ಪೆಟ್ಟಾದವನನ್ನು ಮಡಚಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಮ್ಮೆ ಹಾಗೆ ಮಡಚಿ ತಂದ ಒಬ್ಬ ಮತ್ತೆ ನಡೆಯಲೇ ಇಲ್ಲ. ತಂದವರು ಅವನ ಸ್ವಂತ ಸ್ನೇಹಿತರು. ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಪ್ರೀತಿಯಿಂದಲೇ ಎತ್ತಿ ತಂದಿದ್ದರು, ಪಾಪ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ದುಃಖ ಬಂತು. ಸಿಟ್ಟು ಬಂದದ್ದು ಅವರಿಗೆ ಯಾರೂ ಕಲಿಸದೇ ಇದ್ದದ್ದಕ್ಕೆ. ಮರುದಿನವೇ ಕ್ಯಾಜುವಲ್ಟಿಯ ದೊಡ್ಡ ಡಾಕ್ಟರ ಕೋಣೆಗೆ ಹೋಗಿ, "ನಾನು ಕಲಿಸ್ತೇನೆ ಸರ್. ಶಾಲೆಯವರಿಗೆ, ಪೊಲೀಸರಿಗೆ. ಯಾವ ರಸ್ತೆಯಲ್ಲಿ ಎಂಥ ಆದರೂ ಮೊದಲು ಸಿಗುವುದು ಅವರೇ" ಅಂದೆ.

ದೊಡ್ಡ ಡಾಕ್ಟರು ಕಡಿಮೆ ಮಾತಿನ ಮನುಷ್ಯ. ಕನ್ನಡಕ ಒರೆಸಿ ಹೇಳಿದರು, "ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ದೀಪಾವಳಿವರೆಗೆ ಸಮಯ. ನೀವು ಕಲಿಸಿದವರು ಸರಿಯಾಗಿ ತಂದ ಒಬ್ಬ ಪೇಶೆಂಟನ್ನು ನನಗೆ ತೋರಿಸಿ. ಮಡಚಿರಬಾರದು, ನೀರು ಕುಡಿಸಿರಬಾರದು, ರಕ್ತ ನಿಲ್ಲಿಸಿರಬೇಕು. ಒಬ್ಬ ಸಾಕು. ಇಲ್ಲದಿದ್ದರೆ ಗೊಂಬೆ ಸ್ಟೋರ್‌ರೂಮಿಗೆ, ನೀವು ವಾರ್ಡಿಗೆ. ಅಲ್ಲಿ ಜನ ಸಾಕಾಗುವುದಿಲ್ಲ."

ಒಬ್ಬನೇ ತಾನೇ, ಎಂಥ ಮಹಾ ಅಂದುಕೊಂಡು ಹೊರಟೆ.

ಗೊಂಬೆಗೆ ಉಪಚಾರ

ಡಾಕ್ಟರು ಗೊಂಬೆ ಅಂದರಲ್ಲ, ಅದು ಕಲಿಸುವ ಗೊಂಬೆ. ಸೊಂಟದಿಂದ ಮೇಲೆ ಮಾತ್ರ ಉಂಟು, ಕಾಲಿಲ್ಲ. ರಬ್ಬರಿನ ಮುಖ, ತೆರೆದ ಬಾಯಿ, ಒಳಗೆ ಶ್ವಾಸಕೋಶದ ಬದಲಿಗೆ ಒಂದು ಪ್ಲಾಸ್ಟಿಕ್ ಚೀಲ. ಹೃದಯ ನಿಂತವರ ಎದೆ ಒತ್ತುವುದು ಹೇಗೆ ಎಂದು ಅದರ ಮೇಲೆಯೇ ಅಭ್ಯಾಸ. ಅದನ್ನು ಹೊತ್ತು ತಿರುಗುವ ಕೆಲಸ ನಮ್ಮ ಆಂಬುಲೆನ್ಸಿನ ಡ್ರೈವರ್ ಕಾಕನದು. ಪಾಣೆಮಂಗಳೂರಿನವರು, ನನಗಿಂತ ಸ್ವಲ್ಪ ಹಿರಿಯರು. ಜಗತ್ತಿನಲ್ಲಿ ನನ್ನ ಬೊಬ್ಬೆಗೆ ಹೆದರದ ಮನುಷ್ಯ ಯಾರಾದರೂ ಇದ್ದರೆ ಅವರೊಬ್ಬರೇ.

ಬಂಟ್ವಾಳದ ಒಂದು ಶಾಲೆಯಲ್ಲಿ ಮೊದಲ ಕ್ಲಾಸು. ಬೆಳಿಗ್ಗೆ ಬೇಗ ಶುರು ಮಾಡಬೇಕಿತ್ತು. ಹಾಗಾಗಿ ಹಿಂದಿನ ಸಂಜೆಯೇ ಗೊಂಬೆಯನ್ನು ಶಾಲೆಗೆ ತಂದು, ಮಕ್ಕಳಿಗೆ ಹುಷಾರಿಲ್ಲದಾಗ ಮಲಗಿಸುವ ಕೋಣೆಯ ಮಂಚದಲ್ಲಿ ಇಟ್ಟು, ಧೂಳು ಕೂರದ ಹಾಗೆ ಎದೆವರೆಗೆ ಚಾದರ ಹೊದೆಸಿ ಹೋಗಿದ್ದೆವು.

ಮರುದಿನ ಶಾಲೆಯ ಶಿಕ್ಷಕರೆಲ್ಲ ಸೇರಿದ್ದರು. ಇಲಾಖೆಯಿಂದ ಒಬ್ಬರು ಮುಖ್ಯ ಅತಿಥಿ ಬಂದಿದ್ದರು, ಬಿಳಿ ಅಂಗಿ, ಇಸ್ತ್ರಿ ಅಂದರೆ ಇಸ್ತ್ರಿ. ದೀಪ ಹಚ್ಚುವ ಬದಲು ಅತಿಥಿಗಳೇ ಮೊದಲು ಗೊಂಬೆಯ ಎದೆ ಒತ್ತಿ ಉದ್ಘಾಟನೆ ಮಾಡಲಿ ಅಂತ ಮುಖ್ಯೋಪಾಧ್ಯಾಯಿನಿ ಹೇಳಿದರು. ಒಳ್ಳೆಯ ಆಲೋಚನೆ ಅಂತ ನಾನೂ ತಲೆ ಆಡಿಸಿದೆ. ಅತಿಥಿಗಳು ಮೊಣಕಾಲೂರಿ ಕೂತರು, ಎರಡೂ ಕೈ ಇಟ್ಟರು, ಫೋಟೋಕ್ಕೆ ಒಮ್ಮೆ ನಕ್ಕರು, ಜೋರಾಗಿ ಒತ್ತಿದರು.

ಗೊಂಬೆಯ ಬಾಯಿಯಿಂದ ನೀರು ಬುಸ್ಸೆಂದು ಮೇಲಕ್ಕೆ ಚಿಮ್ಮಿತು. ಅತಿಥಿಗಳ ಮುಖ, ಅಂಗಿ, ಜೇಬಿನೊಳಗಿನ ಪೆನ್ನು ಸಮೇತ ಒದ್ದೆ. ಅತಿಥಿಗಳು ಗಾಬರಿಯಲ್ಲಿ ಕೈ ತೆಗೆಯುವುದು ಬಿಟ್ಟು ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆ ಬಂತು. ಮುಖ್ಯೋಪಾಧ್ಯಾಯಿನಿ ನನ್ನ ಹತ್ತಿರ ಬಗ್ಗಿ, "ಹೀಗೆ ಬಂದರೆ ಬದುಕಿದ ಹಾಗಾ ಸಿಸ್ಟರ್?" ಅಂತ ಮೆಲ್ಲಗೆ ಕೇಳಿದರು.

ಆಗ ಹಿಂದೆ ಬಾಗಿಲ ಹತ್ತಿರ ನಿಂತಿದ್ದ ಬಿಸಿಯೂಟದ ಅಡುಗೆಯಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ಮುಂದೆ ಬಂದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವರು ಅವರೇ. ಕೋಣೆ ಗುಡಿಸಲಿಕ್ಕೆ ಬಾಗಿಲು ತೆರೆದರೆ ಯಾರೋ ಬಾಯಿ ಬಿಟ್ಟುಕೊಂಡು ಮಲಗಿದ್ದಾರೆ. ಕರೆದರಂತೆ, ಮಾತಿಲ್ಲ. "ಪಾಪ, ಬಾಯಾರಿಕೆ ಆಗಿರಬೇಕು ಅಂತ ಒಂದು ಚೊಂಬು ನೀರು ಬಿಟ್ಟೆ ಸಿಸ್ಟರೇ. ಪೂರ್ತಿ ಕುಡಿಯಿತು."

ನನಗೆ ಮಂಡೆ ಬಿಸಿಯಾಯಿತು. "ಅಲ್ಲ ಅಕ್ಕ, ಅದಕ್ಕೆ ಕಾಲಿಲ್ಲ, ಸೊಂಟದ ಕೆಳಗೆ ಎಂಥದೂ ಇಲ್ಲ. ಅಷ್ಟೂ ಕಾಣಲಿಲ್ಲವಾ ನಿಮಗೆ?"

ಅಡುಗೆಯಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪರಿಚಯ ಇಲ್ಲದ ಗಂಡಸಿನ ಚಾದರ ಎತ್ತಿ ನೋಡಲಿಕ್ಕೆ ಆಗುತ್ತದಾ ಸಿಸ್ಟರೇ?"

ಕಣ್ಣು ಬಿಡದ ಮಾಸ್ತರು

ಬೆಳ್ತಂಗಡಿಯಲ್ಲಿ ಗೊಂಬೆ ಬೇಡ, ಜೀವ ಇರುವವರನ್ನೇ ಮಲಗಿಸುವ ಅಂತ ತೀರ್ಮಾನ ಮಾಡಿದೆ. ಗೊಂಬೆಯ ಚೀಲ ಇನ್ನೂ ಒಣಗಿರಲಿಲ್ಲ, ಅದೂ ಒಂದು ಕಾರಣ. ಅಲ್ಲಿಯ ಶಾಲೆಯೊಂದರ ಕನ್ನಡ ಮಾಸ್ತರು ತಾನೇ ಗಾಯಾಳುವಿನ ಪಾತ್ರ ಮಾಡುತ್ತೇನೆಂದು ಮುಂದೆ ಬಂದರು. ಸಂಘದ ನಾಟಕಗಳಲ್ಲಿ ಮಾಡಿ ಅಭ್ಯಾಸ ಇದ್ದವರು. ಬೀಟ್‌ರೂಟ್ ಅರೆದು ಹಣೆಗೂ ಅಂಗಿಗೂ ಅವರೇ ಬಳಿದುಕೊಂಡರು. ನೋಡಿದರೆ ನನಗೇ ಒಮ್ಮೆ ಎದೆ ಝಲ್ಲೆಂದಿತು.

ಶಾಲೆಯ ಗೇಟಿನ ಹೊರಗೆ, ರಸ್ತೆ ಬದಿಯ ಹುಲ್ಲಿನಲ್ಲಿ ಮಲಗಿಸಿದೆ. "ಸರ್, ನಿಮಗೆ ಪ್ರಜ್ಞೆ ಇಲ್ಲ. ಏನೇ ಆಗಲಿ ಕಣ್ಣು ಬಿಡಬಾರದು, ಮಾತಾಡಬಾರದು" ಅಂದೆ. ಅವರು ಆಗಲೇ ಪಾತ್ರದೊಳಗೆ ಹೋಗಿ ಆಗಿತ್ತು, ಉತ್ತರ ಕೊಡಲಿಲ್ಲ.

ಶಿಕ್ಷಕರನ್ನೂ ಪೊಲೀಸರನ್ನೂ ಗೇಟಿನ ಒಳಗೆ ಸಾಲಾಗಿ ನಿಲ್ಲಿಸಿ ನಾನು ಅವರ ಕಡೆ ತಿರುಗಿ ಪಾಠ ಶುರು ಮಾಡಿದೆ. "ಮೊದಲು ದೂರದಿಂದ ನೋಡಿ. ವಾಹನ ಬರುತ್ತಾ ಉಂಟಾ, ಕರೆಂಟಿನ ವಯರು ಬಿದ್ದಿದೆಯಾ. ಓಡಿ ಹೋಗಿ ಎತ್ತಬೇಡಿ. ಎಳೆಯಬೇಡಿ. ಮಡಚಬೇಡಿ. ನೀರು ಕೊಡಬೇಡಿ. ರಕ್ತ ಬರುವಲ್ಲಿ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ತೆಗೆದು ತೆಗೆದು ನೋಡಬೇಡಿ. ಆಂಬುಲೆನ್ಸಿಗೆ ಫೋನು ಮಾಡಿ." ಎಲ್ಲರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ಒಬ್ಬ ಟೀಚರು ಕೈ ಎತ್ತಿದರು. ಪ್ರಶ್ನೆ ಆಮೇಲೆ ಅಂದೆ. ಅವರು ಕೈ ಇಳಿಸಲಿಲ್ಲ. ನಾನು ಇನ್ನೂ ಜೋರು ದನಿಯಲ್ಲಿ ಮುಂದುವರಿಸಿದೆ. ಕೊನೆಗೆ ತಿರುಗಿ ನೋಡಿದರೆ ಹುಲ್ಲಿನಲ್ಲಿ ಮಾಸ್ತರು ಇಲ್ಲ. ಅವರ ಒಂದು ಚಪ್ಪಲಿ ಉಂಟು.

ಆದದ್ದು ಇಷ್ಟು. ಸಂತೆಗೆ ಹೋಗುತ್ತಿದ್ದ ಒಂದು ಜೀಪಿನವರು ರಕ್ತದಲ್ಲಿ ಬಿದ್ದ ಮನುಷ್ಯನನ್ನು ಕಂಡರು. ಪಕ್ಕದಲ್ಲಿ ಇಷ್ಟು ಜನ ಸುಮ್ಮನೆ ನಿಂತು ಭಾಷಣ ಕೇಳುತ್ತಿದ್ದಾರೆ. ಅವರಿಗೆ ಸಿಟ್ಟು ಬಂತು. ಇಳಿದು, ಕೈಗೆ ಇಬ್ಬರು ಕಾಲಿಗೆ ಇಬ್ಬರು ಹಿಡಿದು, ಮಾಸ್ತರನ್ನು ಮಡಚಿ, ಬಾಳೆಗೊನೆಗಳ ನಡುವೆ ತುರುಕಿ ಹೊರಟೇ ಹೋದರು. ಹೋಗುವಾಗ ಅವರಲ್ಲಿ ಒಬ್ಬ ನಮ್ಮ ಕಡೆ ನೋಡಿ, "ಮನುಷ್ಯತ್ವ ಇಲ್ಲದವರು" ಅಂತ ಬೈದನಂತೆ.

ಕಾಕ ಆಂಬುಲೆನ್ಸ್ ತಿರುಗಿಸಿ ಬೆನ್ನಟ್ಟಿದರು. ನಾನು ಪಕ್ಕದಲ್ಲಿ ಕೂತು ಸೈರನ್ನಿಗಿಂತ ಜೋರಾಗಿ ಕೂಗುತ್ತಿದ್ದೆ. ಸೈರನ್ ಕೇಳಿದ ಜೀಪಿನವರು, ಪಾಪ ಯಾರಿಗೋ ಅರ್ಜೆಂಟು ಅಂತ ಬದಿಗೆ ಸರಿದು ದಾರಿ ಬಿಟ್ಟರು. ಕಾಕ ಅಭ್ಯಾಸಬಲದಲ್ಲಿ ಅವರನ್ನು ದಾಟಿ ಮುಂದೆ ಹೋದರು. ಹಾಗಾಗಿ ಆಸ್ಪತ್ರೆಗೆ ನಾವೇ ಮೊದಲು ತಲುಪಿದೆವು.

ಹಿಂದೆಯೇ ಜೀಪು ಬಂತು. ಮಾಸ್ತರು ಇಳಿದರು. ಅಂದರೆ ಇಳಿಸಿದರು. ಕಣ್ಣು ಈಗಲೂ ಮುಚ್ಚಿತ್ತು. ದಾರಿಯಲ್ಲಿ ಸೋಡಾ ಕುಡಿಸಿದ್ದರಂತೆ, ಅರ್ಧ ಬಾಟ್ಲಿ ಜೀಪಿನವನೊಬ್ಬನ ಕೈಯಲ್ಲೇ ಇತ್ತು. ನಾನು ಹತ್ತಿರ ಹೋಗಿ, "ಸರ್, ಸಾಕು, ಕಣ್ಣು ಬಿಡಿ" ಅಂದ ಮೇಲೆಯೇ ಕಣ್ಣು ಬಿಟ್ಟು, "ಪಾತ್ರ ಸರಿ ಬಂತಾ?" ಅಂತ ಕೇಳಿದರು. ಎದ್ದು ನಿಲ್ಲಲಿಕ್ಕೆ ನೋಡಿದರೆ ಸೊಂಟ ಹಿಡಿದುಕೊಂಡಿತ್ತು. ಬಾಳೆಗೊನೆಯ ಮೇಲೆ ಮಡಚಿ ಕೂರಿಸಿದರೆ ಇನ್ನೇನಾಗುತ್ತದೆ? ಪುಣ್ಯಕ್ಕೆ ಬರೀ ಉಳುಕು. ಜೀಪಿನವರಿಗೆ ವಿಷಯ ಗೊತ್ತಾದಾಗ ಕೈ ಮುಗಿದರು. ನಾನು ಅವರನ್ನು ಬಿಡಲಿಲ್ಲ, ಅಲ್ಲೇ ಬೆಂಚಿನಲ್ಲಿ ಕೂರಿಸಿ ಇಡೀ ಪಾಠ ಹೇಳಿದ ಮೇಲೆಯೇ ಸಂತೆಗೆ ಕಳಿಸಿದ್ದು.

ದೊಡ್ಡ ಡಾಕ್ಟರು ಮಾಸ್ತರ ಸೊಂಟ ಒತ್ತಿ ನೋಡಿ, ಗುಳಿಗೆ ಬರೆದು, ಕೈ ತೊಳೆಯುತ್ತಾ ನನಗೆ ಹೇಳಿದರು, "ಸಿಸ್ಟರ್, ನಾನು ಕೇಳಿದ್ದು ಪೇಶೆಂಟನ್ನು ಸರಿಯಾಗಿ ತರಲಿಕ್ಕೆ. ಸರಿ ಇದ್ದವರನ್ನು ಪೇಶೆಂಟ್ ಮಾಡಿ ತರಲಿಕ್ಕಲ್ಲ."

ತಂದೆಯ ಹೆಸರು, ಪ್ರಾಯ, ವಾಸ

ಇನ್ನು ಉಳಿದದ್ದು ಮೂಡುಬಿದಿರೆ. ಅಲ್ಲಿ ಪೊಲೀಸರಿಗೂ ಶಾಲೆಯವರಿಗೂ ಒಟ್ಟಿಗೇ ತರಬೇತಿ. ಮುಂದಿನ ಸಾಲಿನಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಹೆಡ್ ಕಾನ್‌ಸ್ಟೇಬಲ್. ನಿವೃತ್ತಿಗೆ ಹತ್ತಿರವಾದವರು, ದಪ್ಪ ಮೀಸೆ, ಮೀಸೆಗೆ ಸರಿಯಾದ ಗಾಂಭೀರ್ಯ. ಇನ್ನೊಬ್ಬರು ಬೆಳುವಾಯಿ ಕಡೆಯ ಶಾಲೆಯೊಂದರ ಪಿ.ಟಿ. ಮಾಸ್ತರು, ಕುತ್ತಿಗೆಯಲ್ಲಿ ವಿಷಲ್ ಇಲ್ಲದೆ ಅವರನ್ನು ಅವರ ಹೆಂಡತಿಯೂ ನೋಡಿರಲಿಕ್ಕಿಲ್ಲ. ಇಬ್ಬರಿಗೂ ಮೊದಲ ನಿಮಿಷದಿಂದಲೇ ಸರಿ ಬರಲಿಲ್ಲ. ಜನ ಸೇರಿದಲ್ಲಿ ಗುಂಪು ಚದುರಿಸುವುದು ಯಾರ ಕೆಲಸ ಅಂತ ಜಗಳ. ಇವರು ಲಾಠಿ ಅನ್ನುತ್ತಾರೆ, ಅವರು ವಿಷಲ್ ಅನ್ನುತ್ತಾರೆ.

ಕಾಕನನ್ನು ನೆಲದಲ್ಲಿ ಮಲಗಿಸಿ, "ಇವರಿಗೆ ಅಪಘಾತ ಆಗಿದೆ, ಕೈಯಿಂದ ರಕ್ತ ಹೋಗುತ್ತಾ ಉಂಟು. ನೀವು ಬನ್ನಿ" ಅಂತ ಹೆಡ್ಡರನ್ನು ಕರೆದೆ. ಅವರು ಬಂದರು, ಬೂಟು ಜೋಡಿಸಿ ನಿಂತರು, ಜೇಬಿನಿಂದ ಪೆನ್ನು ತೆಗೆದರು. "ಹೆಸರು?"

ಕಾಕ ನರಳುತ್ತಾ ಹೆಸರು ಹೇಳಿದರು.

"ತಂದೆಯ ಹೆಸರು? ಪ್ರಾಯ? ವಾಸ?"

"ಸ್ವಾಮಿ, ಅವರ ರಕ್ತ ಹೋಗ್ತಾ ಉಂಟು" ಅಂದೆ ನಾನು.

"ಗೊತ್ತಾಯಿತು ಮೇಡಂ. ಯಾರ ರಕ್ತ ಅಂತ ಮೊದಲು ಗೊತ್ತಾಗಬೇಕಲ್ಲ?"

"ಮೊದಲು ರಕ್ತ, ಆಮೇಲೆ ತಂದೆ" ಅಂತ ನಾನು ಬೊಬ್ಬೆ ಹೊಡೆದೆ. ಪೆಟ್ಟಾದವರನ್ನು ಆಸ್ಪತ್ರೆಗೆ ತಂದ ಜನರನ್ನು ಪ್ರಶ್ನೆ ಕೇಳಿ ಪೀಡಿಸುವ ಹಾಗಿಲ್ಲ ಅಂತ ಕಾನೂನೇ ಇರುವುದನ್ನೂ ಅವರಿಗೆ ಹೇಳಿದೆ. ಅದು ನನಗೆ ಗೊತ್ತುಂಟು ಅಂತ ಮೀಸೆ ನೇವರಿಸಿಕೊಂಡರು.

ಪಿ.ಟಿ. ಮಾಸ್ತರ ಸರದಿ ಬಂತು. ಅವರು ಓಡಿ ಬಂದು ಕಾಕನ ಕಂಕುಳಿಗೆ ಕೈ ಹಾಕಿ, "ಏಳಿ, ಏಳಿ, ಎಂಥದೂ ಆಗಲಿಲ್ಲ. ಎದ್ದು ಒಂದು ರೌಂಡು ಓಡಿ, ಸರಿಯಾಗ್ತದೆ" ಅಂತ ಎಬ್ಬಿಸಿ ನಿಲ್ಲಿಸಿಯೇ ಬಿಟ್ಟರು. ಎಷ್ಟೋ ವರ್ಷದಿಂದ ಬಿದ್ದ ಮಕ್ಕಳಿಗೆಲ್ಲ ಅದೇ ಔಷಧಿ. "ಈ ಸಲ ಕಾಲು ಮುರಿದಿದೆ ಸರ್ ಅವರದ್ದು" ಅಂದೆ. "ಹಾಗಾದರೆ ನಡೆದರೆ ಸಾಕು" ಅಂದರು.

ಇದೆಲ್ಲ ತಿದ್ದಬಹುದಿತ್ತು. ತಿದ್ದಲಿಕ್ಕೆ ಆಗದೆ ಹೋದದ್ದು ಹೆಡ್ಡರ ನೀರು ಕೊಡುವ ಚಟ. ಪಕ್ಕದಲ್ಲಿ ನೀರಿನ ಹೂಜಿ ಇಟ್ಟು ಪರೀಕ್ಷೆ ಮಾಡಿದೆ. ಕಾಕನಿಗೆ ನಾಟಕ ಹೇಳಿಕೊಡಬೇಕಾಗಿಲ್ಲ. "ನೀರು... ಸ್ವಲ್ಪ ನೀರು ಕೊಡಿ ಸಾರ್... ಗಂಟಲು ಒಣಗ್ತಾ ಉಂಟು" ಅಂತ ಅವರು ನರಳಿದರೆ ಹೆಡ್ಡರ ಕಣ್ಣಲ್ಲಿ ನೀರು ತುಂಬುತ್ತದೆ, ಕೈ ಹೂಜಿಗೆ ಹೋಗುತ್ತದೆ. "ಫೇಲ್" ಅನ್ನುತ್ತೇನೆ ನಾನು. "ಅಲ್ಲ ಮೇಡಂ, ಸಾಯುವವನು ಕೇಳುವಾಗ ಕೊಡದಿದ್ದರೆ ಪಾಪ ಸುತ್ತಿಕೊಳ್ಳುವುದಿಲ್ಲವಾ?"

"ಅವನು ಸಾಯುವವನಲ್ಲ. ನೀವು ಕೊಟ್ಟರೆ ಸಾಯುತ್ತಾನೆ. ಬಾಯಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬೇಕಾದರೆ."

ಚಾ ಕುಡಿಯುವಾಗ ಕಾಕನನ್ನು ವರಾಂಡದಲ್ಲಿ ದೊಪ್ಪೆಂದು ಬೀಳಿಸಿದೆ. ಹೆಡ್ಡರು ತಮ್ಮ ಚಾ ಲೋಟವನ್ನೇ ಹಿಡಿದುಕೊಂಡು ಓಡಿದರು. ಫೇಲ್. ಊಟದ ಹೊತ್ತಿಗೆ ಕೈತೊಳೆಯುವಲ್ಲಿ ಬೀಳಿಸಿದೆ. ಫೇಲ್. ತರಬೇತಿ ಮುಗಿದು, ವಂದನಾರ್ಪಣೆ ಆಗಿ, ಎಲ್ಲರೂ ಹೊರಟರು. ಕಾಕ ಮೆಟ್ಟಿಲ ಮೇಲೆ ಮೊಣಕಾಲು ಹಿಡಿದು ಕೂತಿದ್ದರು. "ಹೆಡ್ಡರೇ, ಒಂದು ಲೋಟ ನೀರು ಸಿಗಬಹುದಾ?" ಹೆಡ್ಡರು ಸಂತೋಷದಿಂದ ತಂದುಕೊಟ್ಟರು. ನಾನು ಆಂಬುಲೆನ್ಸಿನ ಕಿಟಕಿಯಿಂದ ಕೂಗಿದೆ, "ಫೇಲ್."

ಹೆಡ್ಡರ ಮುಖ ಸಣ್ಣದಾಯಿತು. "ಇದೂ ಪರೀಕ್ಷೆಯಾ ಮೇಡಂ?"

"ಯಾವಾಗಲೂ ಪರೀಕ್ಷೆಯೇ" ಅಂದೆ. ಗಾಡಿ ಹೊರಟ ಮೇಲೆ ಕಾಕ ಮೆಲ್ಲಗೆ ಹೇಳಿದರು, "ಅಲ್ಲ ಸಿಸ್ಟರೇ, ಕೊನೆಯದ್ದು ನನಗೆ ನಿಜವಾಗಿ ಬಾಯಾರಿಕೆ ಆದದ್ದು."

ಸುಣ್ಣದ ಗೆರೆಯೊಳಗೆ

ದೀಪಾವಳಿ ಹತ್ತಿರ ಬಂತು. ಮನೆಮನೆಯಲ್ಲಿ ಗೂಡುದೀಪ ನೇತು ಹಾಕಲಿಕ್ಕೆ ಶುರುವಾಗಿತ್ತು. ನನ್ನ ಪೇಶೆಂಟು ಮಾತ್ರ ಬರಲಿಲ್ಲ. ಯಾರಿಗಾದರೂ ಪೆಟ್ಟಾಗಲಿ ಅಂತ ಬಯಸಲಿಕ್ಕೆ ಆಗುತ್ತದಾ? ಬಯಸಲಿಲ್ಲ. ಆದರೆ ಬರುವವರು ಬರುತ್ತಲೇ ಇದ್ದರು, ಎಲ್ಲ ಮೊದಲಿನ ಹಾಗೆಯೇ ಮಡಚಿಕೊಂಡು, ಸೋಡಾ ಕುಡಿದುಕೊಂಡು. ಸ್ಟೋರ್‌ರೂಮಿನಲ್ಲಿ ಜಾಗ ಮಾಡಿ ಗೊಂಬೆ ಇಡಿ ಅಂತ ದೊಡ್ಡ ಡಾಕ್ಟರು ಆಯಾಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನನಗೆ ಅಳು ಬರುವ ಹಾಗೆ ಆಯಿತು. ಬಂದರೂ ಅಳಲಿಲ್ಲ, ಆಯಾಗೆ ಬೈದೆ.

ಆ ಸಂಜೆ ಕಾಕನಿಗೆ ಬೆಳುವಾಯಿ ಕಡೆಯಿಂದ ಕರೆ ಬಂತು. ಅಲ್ಲಿ ನಡೆದದ್ದನ್ನು ಕಾಕ, ಪಿ.ಟಿ. ಮಾಸ್ತರು, ಹೆಡ್ಡರು ಮೂವರೂ ನನಗೆ ಹೇಳಿದ್ದಾರೆ. ಮೂವರದ್ದನ್ನೂ ಸೇರಿಸಿ ಹೇಳುತ್ತೇನೆ.

ಶಾಲೆ ಬಿಡುವ ಹೊತ್ತು. ಹೆಡ್ಡರು ಡ್ಯೂಟಿ ಮುಗಿಸಿ ಬೈಕಿನಲ್ಲಿ ಬರುತ್ತಿದ್ದರು. ಪಿ.ಟಿ. ಮಾಸ್ತರ ಶಾಲೆಯ ಎದುರಿನ ತಿರುವಿನಲ್ಲಿ ಗದ್ದೆಯಿಂದ ಒಂದು ನವಿಲು ಎದ್ದು ಅಡ್ಡ ಬಂತು. ಹೆಡ್ಡರು ಬ್ರೇಕ್ ಹಾಕಿದರು, ಬೈಕು ಒಂದು ಕಡೆ, ಅವರು ಒಂದು ಕಡೆ. ಬಲಗಾಲು ಮೊಣಕಾಲಿನ ಕೆಳಗೆ ಸೊಟ್ಟ. ಎಡಗೈ ಹರಿದು ರಕ್ತ ಧಾರಾಕಾರ.

ಬೊಬ್ಬೆ ಕೇಳಿ ಜನ ಓಡಿ ಬಂದರು. ಗೂಡಂಗಡಿಯವರು ಸೋಡಾ ಒಡೆದಾಗಿತ್ತು. ಒಬ್ಬರು ನೀರಿನ ಕೊಡಪಾನವನ್ನೇ ತಂದರು. ಇನ್ನೊಬ್ಬರು ಎಳನೀರು ಕೆತ್ತುತ್ತಿದ್ದರು. ಕೈಗೆ ಇಬ್ಬರು, ಕಾಲಿಗೆ ಇಬ್ಬರು ರೆಡಿ. ರಿಕ್ಷಾ ಹಿಂದೆ ಬರುತ್ತಾ ಉಂಟು.

ಹೆಡ್ಡರು ಮಲಗಿದಲ್ಲಿಂದಲೇ ಬಲಗೈ ಎತ್ತಿ, ಸಂತೆಯಲ್ಲಿ ಟ್ರಾಫಿಕ್ ನಿಲ್ಲಿಸುವ ಹಾಗೆ ತೋರಿಸಿದರು. "ಯಾರೂ ಮುಟ್ಟಬೇಡಿ. ನೀರು ಕೊಟ್ಟವರ ಮೇಲೆ ಕೇಸು ಹಾಕ್ತೇನೆ. ಸೋಡಾ ಕೊಟ್ಟವರನ್ನು ಒಳಗೆ ಹಾಕ್ತೇನೆ." ಎಳನೀರಿನವರು ಕತ್ತಿಯನ್ನು ಬೆನ್ನ ಹಿಂದೆ ಅಡಗಿಸಿದರು. ತಲೆಗೆ ಪೆಟ್ಟಾಗಿರಬೇಕು, ಇಲ್ಲದಿದ್ದರೆ ಪೊಲೀಸರು ಕುಡಿಯಲಿಕ್ಕೆ ಕೊಟ್ಟದ್ದನ್ನು ಬೇಡ ಅನ್ನುವುದುಂಟಾ ಅಂತ ಯಾರೋ ಅಂದರಂತೆ.

ಅಷ್ಟರಲ್ಲಿ ವಿಷಲ್ ಕೇಳಿತು. ಪಿ.ಟಿ. ಮಾಸ್ತರು ಮೈದಾನದಿಂದ ಓಡಿ ಬಂದರು. ಕ್ರೀಡಾಕೂಟಕ್ಕೆ ಗೆರೆ ಹಾಕುತ್ತಿದ್ದ ಸುಣ್ಣದ ಪುಡಿಯ ಡಬ್ಬ ಕೈಯಲ್ಲೇ ಇತ್ತು. ಬಿದ್ದವರನ್ನು ಕಂಡ ಕೂಡಲೇ ಹಳೆಯ ಅಭ್ಯಾಸ, ಬಾಯಿ "ಏಳಿ" ಅನ್ನಲಿಕ್ಕೆ ತೆರೆಯಿತು. ಹೆಡ್ಡರು ಅವರ ಮುಖ ನೋಡಿ ಹೇಳಿದರು, "ಮಾಸ್ತರೇ, ನಾನು ಏಳುವುದಿಲ್ಲ. ಒಂದು ರೌಂಡೂ ಓಡುವುದಿಲ್ಲ."

ಮಾಸ್ತರು ಬಾಯಿ ಮುಚ್ಚಿಕೊಂಡರು. ಮೊದಲು ರಿಕ್ಷಾವನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಬೇರೆ ವಾಹನ ಬಾರದ ಹಾಗೆ ಮಾಡಿದರು. ಆಂಬುಲೆನ್ಸಿಗೆ ಫೋನು ಮಾಡಿಸಿದರು. ತನ್ನ ಒಗೆದ ಬೈರಾಸನ್ನು, ಅಂದರೆ ಹೆಗಲ ಟವೆಲನ್ನು, ಮಡಚಿ ಹೆಡ್ಡರ ಕೈಯ ಗಾಯದ ಮೇಲೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದರು. ಜನ ಮೇಲೆ ಮೇಲೆ ಬರುತ್ತಿದ್ದರು, ಮೊಬೈಲಿನಲ್ಲಿ ವೀಡಿಯೊ ತೆಗೆಯುವವರು ಬೇರೆ. ಮಾಸ್ತರು ಗೂಡಂಗಡಿಯವರನ್ನು ಕರೆದು ಗಾಯವನ್ನು ಅವರ ಕೈಗೆ ಒಪ್ಪಿಸಿ, ಸುಣ್ಣದ ಪುಡಿಯಿಂದ ಹೆಡ್ಡರ ಸುತ್ತ ಒಂದು ದೊಡ್ಡ ವೃತ್ತ ಎಳೆದರು. ವಿಷಲ್ ಊದಿದರು. "ಗೆರೆ ಮುಟ್ಟಿದವನು ಔಟ್."

ಕಬಡ್ಡಿ ಆಡಿ ಬೆಳೆದ ಊರು. ಒಬ್ಬರೂ ಗೆರೆ ದಾಟಲಿಲ್ಲ. ಒಳಗಿನಿಂದ ಹೆಡ್ಡರು, "ಮಾಸ್ತರೇ, ಈ ಕಡೆ ಸ್ವಲ್ಪ ಅಗಲ ಮಾಡಿ, ಗಾಳಿ ಬರಲಿ" ಅಂದರಂತೆ. ಮಾಸ್ತರು ಮತ್ತೊಂದು ಗೆರೆ ಹಾಕಿದರು. ಅಲ್ಲಿಗೆ ಲಾಠಿ-ವಿಷಲ್ ಜಗಳವೂ ತೀರ್ಮಾನ ಆಯಿತು.

ಕಾಲಿಗೆ ಟೀಚರೊಬ್ಬರ ಉದ್ದ ಕೊಡೆ, ಅದರ ಎರಡೂ ಕಡೆ ಮಕ್ಕಳ ಚೀಲದಿಂದ ತೆಗೆದ ಬಟ್ಟೆ, ಅಲ್ಲಾಡದ ಹಾಗೆ ಕಟ್ಟು. ಕಾಕ ತಲುಪಿದಾಗ ಸ್ಟ್ರೆಚರ್ ಇಳಿಸಿ, ಎಲ್ಲರೂ ಒಟ್ಟಿಗೆ ಹಿಡಿದು, ಮಾಸ್ತರು "ಒಂದು, ಎರಡು, ಮೂರು" ಅಂದ ಮೇಲೆಯೇ, ಹಲಗೆ ಎತ್ತಿದ ಹಾಗೆ ನೇರವಾಗಿ ಎತ್ತಿದರು. ಕೊಡೆಯ ಟೀಚರು ಗಾಡಿಯ ಹಿಂದೆ ಓಡಿ ಬಂದು, "ಕೊಡೆ ನಾಳೆ ಕೊಟ್ಟರೆ ಸಾಕು" ಅಂದರಂತೆ.

ಕ್ಯಾಜುವಲ್ಟಿಯ ಬಾಗಿಲು ತೆರೆಯಿತು. ನಾನು ಒಮ್ಮೆ ನೋಡಿದೆ. ನೇರ ಉಂಟು. ಕಟ್ಟು ಉಂಟು. ರಕ್ತ ನಿಂತಿದೆ. ಆಮೇಲೆ ಮೀಸೆ ಕಂಡಿತು. ಅಯ್ಯೋ, ಇದು ನನ್ನ ಫೇಲ್ ಆದ ಹೆಡ್ಡರು. ಹಾಗಾದರೆ ಹೊಟ್ಟೆ ತುಂಬ ನೀರು ಖಂಡಿತ ಅಂದುಕೊಂಡೆ.

ಬಾಗಿಲಲ್ಲಿ ಕೂತ ಗುಮಾಸ್ತರು ಎಂದಿನಂತೆ ಕೇಳಿದರು, "ಹೆಸರು? ತಂದೆಯ ಹೆಸರು?"

ಹೆಡ್ಡರು ಗುಮಾಸ್ತರನ್ನು ಗದರಿಸಿದರು, "ಮೊದಲು ರಕ್ತ, ಆಮೇಲೆ ತಂದೆ."

ದೊಡ್ಡ ಡಾಕ್ಟರು ಬಂದರು. ಎಂಥ ಆದದ್ದು ಅಂತ ಕೇಳಿದರು. ಆಸ್ಪತ್ರೆಗೆ ಒಪ್ಪಿಸುವಾಗ ಏನು ಆಯಿತು, ಎಲ್ಲಿ ಪೆಟ್ಟು, ನಾವು ಏನು ಮಾಡಿದೆವು ಅಂತ ಚುಟುಕಾಗಿ ಹೇಳಬೇಕು ಎಂದು ನಾನೇ ಕಲಿಸಿದ್ದು. ಹೆಡ್ಡರು ಮಲಗಿದಲ್ಲೇ ಗಂಟಲು ಸರಿ ಮಾಡಿಕೊಂಡರು.

"ಸರ್, ಈ ದಿನ ಸಾಯಂಕಾಲ ಸದರಿ ಗಾಯಾಳುವು ತನ್ನ ಬೈಕಿನಲ್ಲಿ ಬರುತ್ತಿರುವಾಗ್ಗೆ, ನವಿಲೊಂದು ಅಜಾಗರೂಕತೆಯಿಂದ ಒಮ್ಮೆಲೇ ರಸ್ತೆಗೆ ಅಡ್ಡ ಬಂದ ಪರಿಣಾಮ, ಸದರಿಯವನು ಬೈಕ್ ಸಮೇತ ಬಿದ್ದು, ಬಲಗಾಲಿಗೆ ಮೂಳೆ ಮುರಿತದ ಜಖಂ, ಎಡಗೈಗೆ ರಕ್ತಗಾಯ ಆಗಿರುತ್ತದೆ. ಪ್ರಜ್ಞೆ ತಪ್ಪಿರುವುದಿಲ್ಲ. ಗಾಯವನ್ನು ಒತ್ತಿ ಹಿಡಿಯಲಾಗಿರುತ್ತದೆ. ಮಡಚಿರುವುದಿಲ್ಲ. ನೀರು, ಸೋಡಾ, ಎಳನೀರು ಯಾವುದನ್ನೂ ಕುಡಿಸಿರುವುದಿಲ್ಲ. ಆರೋಪಿ ನವಿಲು ಸ್ಥಳದಿಂದ ಪರಾರಿಯಾಗಿರುತ್ತದೆ."

ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು. "ಗಾಯಾಳು ಯಾರು?"

"ನಾನೇ ಸರ್."

ಡಾಕ್ಟರು ಕೈ ನೋಡಿದರು, ಕಾಲು ನೋಡಿದರು, ಕೊಡೆ ನೋಡಿದರು. ಕಾಕ ನನ್ನ ಪಕ್ಕ ನಿಂತು ದುವಾ ಓದುತ್ತಿದ್ದರು. ಕೊನೆಗೆ ಡಾಕ್ಟರು ಆಯಾಳನ್ನು ಕರೆದು, "ಆ ಗೊಂಬೆಯನ್ನು ಸ್ಟೋರ್‌ರೂಮಿನಿಂದ ಹೊರಗೆ ತೆಗೆಯಿರಿ. ಸಿಸ್ಟರಿಗೆ ಬೇಕಾಗ್ತದೆ" ಅಂದರು. ಪಿ.ಟಿ. ಮಾಸ್ತರು ಆಸ್ಪತ್ರೆಯೊಳಗೆ ವಿಷಲ್ ಊದಿಬಿಟ್ಟರು. ಬೇರೆ ದಿನವಾದರೆ ಅವರನ್ನು ನಾನು ಹೊರಗೆ ಹಾಕುತ್ತಿದ್ದೆ. ಅವತ್ತು ಇನ್ನೊಮ್ಮೆ ಊದಿ ಅಂದೆ. ಹಣೆ ಒರೆಸುವ ನೆಪದಲ್ಲಿ ಕಣ್ಣನ್ನೂ ಒರೆಸಿಕೊಂಡೆ.

ಎಕ್ಸ್‌ರೇ ಆಯಿತು. ಕೈಗೆ ಹೊಲಿಗೆ ಬಿತ್ತು. ಮೂಳೆ ಜಾಗ ಬಿಟ್ಟಿರಲಿಲ್ಲ, ಆಪರೇಷನ್ ಬೇಡ, ಪ್ಲಾಸ್ಟರ್ ಸಾಕು. ಬೆನ್ನು, ಹೊಟ್ಟೆ, ತಲೆ ಎಲ್ಲ ಕ್ಷೇಮ. ದೊಡ್ಡ ಡಾಕ್ಟರಿಗೆ ಖುಷಿಯಾಗಿತ್ತು. ಯಾವತ್ತೂ ಇಲ್ಲದ್ದು, ತಾವೇ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಹೆಡ್ಡರ ಬಾಯಿಯ ಹತ್ತಿರ ಹಿಡಿದು, "ಈಗ ಕುಡಿಯಬಹುದು, ಕುಡಿಯಿರಿ" ಅಂದರು.

ಹೆಡ್ಡರ ತುಟಿ ಒಣಗಿ ಬಿಳಿಯಾಗಿತ್ತು. ಲೋಟವನ್ನು ನೋಡಿದರು. ಡಾಕ್ಟರನ್ನು ನೋಡಿದರು. ಪೆಟ್ಟಾಗದ ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

"ಮೇಡಂ, ಇದು ಪರೀಕ್ಷೆ ಅಲ್ಲವಲ್ಲ?"